ಗಂಟಿನೊಳಗಿನ ಒಣ ಹಿಟ್ಟು

ಕುದಿಯುವ ಹಾಲಿಗೆ ಒಂದು ಚಮಚ ಮೈದಾ ಹಾಗೇ ಸುರಿದು ನೋಡಿ. ಎಷ್ಟು ಬೇಗ ಕೈಯಾಡಿಸಿದರೂ ಗಂಟು ಕಟ್ಟುತ್ತದೆ. ಆ ಗಂಟುಗಳಲ್ಲಿ ದೊಡ್ಡದೊಂದನ್ನು ಎತ್ತಿ ತಟ್ಟೆಗೆ ಹಾಕಿ, ಚಾಕುವಿನಿಂದ ಸೀಳಿ. ಹೊರಗೆ ಲೋಳೆಯಂಥ ಸಿಪ್ಪೆ ಇರುತ್ತದೆ. ಒಳಗೆ ಒಣ ಹಿಟ್ಟು! ಸುತ್ತಲೂ ಹಾಲು ಕೊತಕೊತ ಕುದಿಯುತ್ತಿದ್ದರೂ ನಡುವಿನ ಹಿಟ್ಟಿಗೆ ಒಂದು ಹನಿ ತಾಗಿಲ್ಲ. ಡಬ್ಬಿಯಲ್ಲಿ ಇದ್ದ ಹಾಗೇ ಪುಡಿಪುಡಿಯಾಗಿ ಕೂತಿದೆ.

ರಾಗಿ ಗಂಜಿ ಕಾಸಿದವರೆಲ್ಲ ಇಂಥ ಗಂಟನ್ನು ನೋಡಿರುತ್ತಾರೆ. ಬೇಸರದಿಂದ ಸೋಸಿ ಎಸೆದಿರುತ್ತಾರೆ. ನನಗೆ ಮಾತ್ರ ಅದನ್ನು ಸೀಳಿದಾಗಲೆಲ್ಲ ಖುಷಿಯಾಗುತ್ತದೆ. ಫ್ರೆಂಚರ ಹೆಸರಾಂತ ಸಾಸ್‌ಗಳ ಮೂರೂವರೆ ಶತಮಾನದ ಕಥೆ ಶುರುವಾಗುವುದೇ ಈ ಗಂಟಿನಿಂದ. ಬೆಷಮೆಲ್, ವೆಲುತೆ, ಎಸ್ಪಾನ್ಯೋಲ್ ಅಂತ ಹೆಸರು ಏನೇ ಇರಲಿ, ಅಲ್ಲಿನ ಅಡುಗೆಯವರು ಬಿಡಿಸಬೇಕಾಗಿದ್ದ ಒಗಟು ಒಂದೇ. ಹಿಟ್ಟಿನ ಪ್ರತಿ ಕಣಕ್ಕೂ ನೀರು ಮುಟ್ಟಬೇಕು. ಆದರೆ ಒಂದು ಕಣ ಇನ್ನೊಂದಕ್ಕೆ ಅಂಟಬಾರದು. ಅವರು ಕಂಡುಕೊಂಡ ಉತ್ತರ ಬೆಣ್ಣೆ.

ಬೆಣ್ಣೆ ಕರಗಿಸಿ, ಅಷ್ಟೇ ತೂಕದ ಮೈದಾ ಹಾಕಿ, ಸಣ್ಣ ಉರಿಯಲ್ಲಿ ಹುರಿಯುತ್ತಾರೆ. ಇದಕ್ಕೆ ರೂ ಅಂತ ಹೆಸರು. ಆ ಫ್ರೆಂಚ್ ಪದಕ್ಕೆ ಕೆಂಗಂದು ಬಣ್ಣ ಅಂತ ಅರ್ಥ. ಇದರ ಮೇಲೆ ಹಾಲು ಹುಯ್ದರೆ ಬೆಷಮೆಲ್. ಕೋಳಿ, ಮೀನು ಅಥವಾ ಎಳೆಗರುವಿನ ತಿಳಿ ಸ್ಟಾಕ್, ಅಂದರೆ ಎಲುಬು ಬೇಯಿಸಿ ಸೋಸಿದ ರಸ, ಹುಯ್ದರೆ ವೆಲುತೆ. ಹುರಿದ ಎಲುಬಿನಿಂದ ತೆಗೆದ ಕಂದು ಸ್ಟಾಕ್, ತರಕಾರಿ, ಟೊಮೆಟೊ ಸೇರಿದರೆ ಎಸ್ಪಾನ್ಯೋಲ್.

"ಬೆಣ್ಣೆ ಹಾಕಿದ್ದಕ್ಕೇ ಸಾಸ್ ಗಟ್ಟಿಯಾಯಿತು" ಅನ್ನುವ ಮಾತನ್ನು ಅಡುಗೆ ವಿಡಿಯೊಗಳಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಇದು ತಪ್ಪು. ಗಟ್ಟಿ ಮಾಡುವುದು ಬೆಣ್ಣೆಯ ಕೆಲಸವಲ್ಲ. ಹಾಗಾದರೆ ಹಿಟ್ಟಿನ ಕೆಲಸವೇ? ಅದರಲ್ಲೂ ಒಂದು ಅಚ್ಚರಿ ಇದೆ. ಒಂದು ಲೀಟರ್ ಸ್ಟಾಕ್‌ಗೆ ಸುಮಾರು 60 ಗ್ರಾಂ ಮೈದಾ ಸಾಕು. ಮೈದಾದಲ್ಲಿ ನೂರಕ್ಕೆ 70ರಿಂದ 75 ಪಾಲು ಪಿಷ್ಟ. ಅಂದರೆ ಒಂದು ಲೀಟರ್ ನೀರಿಗೆ ಬೀಳುವ ಪಿಷ್ಟ 45 ಗ್ರಾಂ ಅಷ್ಟೇ. ನೂರರಲ್ಲಿ ನಾಲ್ಕೈದು ಪಾಲು ವಸ್ತು ಉಳಿದ ತೊಂಬತ್ತಕ್ಕೂ ಜಾಸ್ತಿ ಪಾಲು ನೀರನ್ನು ಕಟ್ಟಿಹಾಕುತ್ತದೆ. ಇದೇ 45 ಗ್ರಾಂ ಸಕ್ಕರೆಯನ್ನು ಒಂದು ಲೀಟರ್ ನೀರಿಗೆ ಹಾಕಿ ನೋಡಿ. ನೀರು ನೀರಾಗೇ ಇರುತ್ತದೆ. ಸಕ್ಕರೆಯೂ ಪಿಷ್ಟವೂ ಹತ್ತಿರದ ನೆಂಟರು, ಎರಡರಲ್ಲೂ ಗ್ಲೂಕೋಸ್ ಇದೆ. ಹಾಗಿದ್ದೂ ಒಂದಕ್ಕೆ ಆಗದ್ದು ಇನ್ನೊಂದಕ್ಕೆ ಆಗುತ್ತದೆ. ಯಾಕೆ?

ಪಿಷ್ಟ ಕಟ್ಟಿಕೊಂಡಿರುವ ರೀತಿಯಲ್ಲಿ ಉತ್ತರ ಇದೆ. ಗೋಧಿಯಲ್ಲಿ ಪಿಷ್ಟ ಚಿಕ್ಕ ಚಿಕ್ಕ ಕಣಗಳಾಗಿ ಇರುತ್ತದೆ. ದೊಡ್ಡ ಕಣಗಳು ಮಸೂರ ಬೇಳೆಯ ಆಕಾರದವು, ಅಗಲ 20ರಿಂದ 35 ಮೈಕ್ರೊಮೀಟರ್. ಮೂವತ್ತು ನಲವತ್ತು ಕಣಗಳನ್ನು ಸಾಲಾಗಿ ಜೋಡಿಸಿದರೆ ಒಂದು ಮಿಲಿಮೀಟರ್ ಆಗುತ್ತದೆ. ಇವುಗಳ ನಡುವೆ 10 ಮೈಕ್ರೊಮೀಟರ್‌ಗೂ ಕಡಿಮೆ ಅಗಲದ ಪುಟ್ಟ ಕಣಗಳೂ ಇರುತ್ತವೆ. ಒಂದು ಚಮಚ ಹಿಟ್ಟಿನಲ್ಲಿ ಇಂಥವು ಕೋಟಿಗಟ್ಟಲೆ.

ಪ್ರತಿ ಕಣದ ಒಳಗೆ ಎರಡು ಬಗೆಯ ಎಳೆಗಳು. ಅಮೈಲೋಸ್ ಅನ್ನುವುದು ಉದ್ದನೆಯ ದಾರ, ನೂರಾರು ಸಾವಿರಾರು ಗ್ಲೂಕೋಸ್ ಮಣಿ ಪೋಣಿಸಿದ ಹಾಗೆ. ಗೋಧಿ ಪಿಷ್ಟದಲ್ಲಿ ಇದು ಸುಮಾರು ಕಾಲು ಭಾಗ. ಉಳಿದ ಮುಕ್ಕಾಲು ಭಾಗ ಅಮೈಲೋಪೆಕ್ಟಿನ್. ಇದು ಕೊಂಬೆ ಮೇಲೆ ಕೊಂಬೆ ಒಡೆದ ದೊಡ್ಡ ಮರ. ಈ ದಾರ, ಕೊಂಬೆಗಳೆಲ್ಲ ಪದರ ಪದರವಾಗಿ ಒತ್ತಾಗಿ ಮಡಚಿ ಕೂತಿರುತ್ತವೆ. ಮಡಿಕೆ ಎಷ್ಟು ಬಿಗಿ ಅಂದರೆ ತಣ್ಣೀರು ಒಳಗೆ ಹೋಗಲಾರದು. ಮೈದಾವನ್ನು ತಣ್ಣೀರಿಗೆ ಕಲಸಿಟ್ಟರೆ ಸ್ವಲ್ಪ ಹೊತ್ತಿಗೆ ಬಿಳಿ ಗಷ್ಟು ತಳ ಸೇರುವುದು ಅದಕ್ಕೇ.

ಈಗ ಬಿಸಿ ಮಾಡಿ. 50 ಡಿಗ್ರಿ ದಾಟುವವರೆಗೆ ಹೆಚ್ಚೇನೂ ಆಗುವುದಿಲ್ಲ. ಅಲ್ಲಿಂದ ಮುಂದೆ ಎಳೆಗಳ ಅಲುಗಾಟ ಜೋರಾಗಿ ಮಡಿಕೆ ಸಡಿಲವಾಗುತ್ತದೆ. ಸಂದು ಸಿಕ್ಕ ಕಡೆಯೆಲ್ಲ ನೀರು ನುಗ್ಗುತ್ತದೆ. ಕಣ ಊದುತ್ತದೆ, ತನ್ನ ತೂಕದ ಹಲವು ಪಟ್ಟು ನೀರು ಕುಡಿಯುತ್ತದೆ. 80 ಡಿಗ್ರಿಯಿಂದ ಕುದಿಯುವ ಹಂತದವರೆಗೆ ಊದಿದ ಕಣಗಳು ಒಂದಕ್ಕೊಂದು ತಾಗಿ ಪಾತ್ರೆ ತುಂಬುತ್ತವೆ. ಸಾಸ್ ಗಟ್ಟಿಯಾಗುವ ಹೊತ್ತು ಅದು. ಸಬ್ಬಕ್ಕಿ ಪಾಯಸ ನೆನಪಿಸಿಕೊಳ್ಳಿ. ತಳದಲ್ಲಿ ಒಂದು ಹಿಡಿ ಬಿಳಿ ಕಾಳು ಇದ್ದದ್ದು, ಕುದಿದ ಮೇಲೆ ಪಾತ್ರೆಯ ತುಂಬಾ ಪಾರದರ್ಶಕ ಗುಂಡುಗಳು. ನಾವು ಕಾಳು ಸೇರಿಸಲಿಲ್ಲ, ಇದ್ದ ಕಾಳೇ ನೀರು ಕುಡಿದು ಜಾಗ ಹಿಡಿದವು. ಮೈದಾದಲ್ಲೂ ಆಗುವುದು ಇದೇ, ಕಣ್ಣಿಗೆ ಕಾಣದಷ್ಟು ಚಿಕ್ಕ ಅಳತೆಯಲ್ಲಿ.

ಇನ್ನೊಂದು ರೀತಿ ನೋಡಿ. ಜಾತ್ರೆಯ ಬೀದಿಯಲ್ಲಿ ಜನ ಓಡಾಡುತ್ತಿದ್ದಾರೆ. ಜಾಗ ಧಾರಾಳವಾಗಿದೆ. ಇದ್ದಕ್ಕಿದ್ದಂತೆ ಮಳೆ ಬಂದು ಎಲ್ಲರೂ ಒಟ್ಟಿಗೆ ಕೊಡೆ ಬಿಚ್ಚುತ್ತಾರೆ. ಜನರ ಸಂಖ್ಯೆ ಒಂದೂ ಹೆಚ್ಚಾಗಿಲ್ಲ. ಆದರೂ ಬೀದಿ ನಿಂತುಹೋಗುತ್ತದೆ, ಕೊಡೆಗೆ ಕೊಡೆ ತಾಗಿ ಯಾರೂ ಹೆಜ್ಜೆ ಹಾಕಲಾರರು. ಈ ನೂಕುನುಗ್ಗಲಿನಲ್ಲಿ ಕೆಲವರ ಕೈಯ ಗಾಳಿಪಟದ ದಾರ ಬಿಚ್ಚಿ ಎಲ್ಲರ ಕಾಲಿಗೂ ಸುತ್ತಿಕೊಂಡಿತು ಅಂತಲೂ ಇಟ್ಟುಕೊಳ್ಳಿ. ಊದಿದ ಕಣದಿಂದ ಹೊರಗೆ ಸೋರುವ ಅಮೈಲೋಸ್ ಮಾಡುವುದು ಆ ದಾರದ ಕೆಲಸ. ನೀರು ಎಲ್ಲಿಗೂ ಹೋಗಿಲ್ಲ. ಅದಕ್ಕೆ ಓಡಾಡಲು ದಾರಿ ಇಲ್ಲ ಅಷ್ಟೇ. ನಾವು ನಾಲಿಗೆಯ ಮೇಲೆ ಗಟ್ಟಿ ಸಾಸ್ ಅನ್ನುವುದು ಈ ದಾರಿಯಿಲ್ಲದ ನೀರನ್ನೇ.

ಈಗ ಗಂಟಿನ ಒಗಟು ತಾನಾಗಿ ಬಿಡಿಸಿಕೊಳ್ಳುತ್ತದೆ. ಒಣ ಹಿಟ್ಟಿನ ಮುದ್ದೆ ಕುದಿಯುವ ಹಾಲಿಗೆ ಬಿದ್ದ ಕ್ಷಣವೇ ಹೊರಗಿನ ಕಣಗಳು ಕೊಡೆ ಬಿಚ್ಚಿಬಿಡುತ್ತವೆ. ಊದಿ, ಒಂದಕ್ಕೊಂದು ಅಂಟಿ, ಗೋಡೆ ಕಟ್ಟುತ್ತವೆ. ಒಳಗಿನ ಕಣಗಳಿಗೆ ನೀರು ಸೇರಲು ದಾರಿಯೇ ಇಲ್ಲ.

ಬೆಣ್ಣೆ ಮಾಡುವುದು ಇಷ್ಟೇ. ಪ್ರತಿ ಕಣಕ್ಕೂ ಜಿಡ್ಡಿನ ಒಂದು ತೆಳು ಅಂಗಿ ತೊಡಿಸುತ್ತದೆ. ಹಲಸಿನ ಹಣ್ಣು ಬಿಡಿಸುವ ಮುಂಚೆ ಕೈಗೆ ಎಣ್ಣೆ ಸವರಿಕೊಳ್ಳುತ್ತೇವೆ ಅಲ್ವಾ, ಹಾಗೆ. ಪರೀಕ್ಷೆಯ ಕೋಣೆಯಲ್ಲಿ ಮಕ್ಕಳನ್ನು ದೂರ ದೂರ ಕೂರಿಸಿದ ಹಾಗೆ. ಸ್ಟಾಕ್ ಹುಯ್ದಾಗ ಜಿಡ್ಡು ನಿಧಾನವಾಗಿ ಬಿಟ್ಟುಕೊಳ್ಳುತ್ತದೆ, ಕಣಗಳು ಒಂದೊಂದಾಗಿ ನೀರಿಗೆ ಇಳಿಯುತ್ತವೆ. ಒಬ್ಬೊಬ್ಬರೂ ಬೇರೆ ಬೇರೆ ನಿಂತು ಕೊಡೆ ಬಿಚ್ಚಿದರೆ ಜಗಳವಿಲ್ಲ. ಉಪ್ಪಿಟ್ಟಿಗೆ ರವೆಯನ್ನು ಎಣ್ಣೆಯಲ್ಲೋ ತುಪ್ಪದಲ್ಲೋ ಹುರಿದುಕೊಂಡರೆ ಉದುರುದುರಾಗಿ ಬರುವುದರ ಹಿಂದೆಯೂ ಇದೇ ಕಾರಣ ಇದೆ. ರವೆಯ ಕಾಳು ಕಣ್ಣಿಗೆ ಕಾಣುವಷ್ಟು ದೊಡ್ಡದು, ಅಷ್ಟೇ ವ್ಯತ್ಯಾಸ.

ಬೆಣ್ಣೆಯೊಂದೇ ದಾರಿ ಅಂತಲ್ಲ. ರಾಗಿ ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಕದಡಿಕೊಂಡು ಆಮೇಲೆ ಕುದಿಯುವ ನೀರಿಗೆ ಬಿಡುತ್ತೇವೆ. ಗೋಬಿ ಮಂಚೂರಿಗೆ ಕಾರ್ನ್‌ಫ್ಲೋರ್ ಹಾಕುವವರೂ ಹೀಗೇ ಮಾಡುತ್ತಾರೆ. ತಣ್ಣೀರಿನಲ್ಲಿ ಕಣ ಊದುವುದಿಲ್ಲ, ಹಾಗಾಗಿ ಅಂಟುವುದೂ ಇಲ್ಲ. ಊದುವ ಹೊತ್ತಿಗೆ ಎಲ್ಲ ಕಣಗಳೂ ದೂರ ದೂರ ಸರಿದಿರುತ್ತವೆ. "ಬಿಸಿ ರೂಗೆ ತಣ್ಣನೆಯ ಸ್ಟಾಕನ್ನೇ ಹುಯ್ಯಬೇಕು" ಅಂತ ಕೆಲವರು ವ್ರತದ ಹಾಗೆ ಪಾಲಿಸುತ್ತಾರೆ. ಅದರಲ್ಲಿ ಮಂತ್ರ ಏನೂ ಇಲ್ಲ. ಕಣಗಳು ಚದುರುವ ಮುಂಚೆ ಊದಬಾರದು ಅನ್ನುವುದೇ ವಿಷಯ. ಬಿಸಿ ಸ್ಟಾಕನ್ನು ಸ್ವಲ್ಪ ಸ್ವಲ್ಪವೇ ಹುಯ್ದು, ಪ್ರತಿ ಸಲ ಚೆನ್ನಾಗಿ ತಿರುವಿದರೂ ಸಾಸ್ ನುಣ್ಣಗೆ ಬರುತ್ತದೆ.

ಫ್ರಾನ್ಸಿನಲ್ಲಿ ಈ ಉಪಾಯ ಮೊದಲಿನಿಂದ ಇರಲಿಲ್ಲ. ಮಧ್ಯಯುಗದ ಅಡುಗೆಮನೆಗಳಲ್ಲಿ ಸಾಸ್ ಗಟ್ಟಿ ಮಾಡಲು ಬ್ರೆಡ್ ಚೂರು ಹಾಕುತ್ತಿದ್ದರು, ಇಲ್ಲವೇ ಬಾದಾಮಿ ಅರೆದು ಹಾಕುತ್ತಿದ್ದರು. 1651ರಲ್ಲಿ ಲಾ ವರೆನ್ ಅನ್ನುವ ಬಾಣಸಿಗ ಬರೆದ ಅಡುಗೆ ಪುಸ್ತಕದಲ್ಲಿ ಹಿಟ್ಟಿನ ರೂ ಕಾಣಿಸಿಕೊಳ್ಳುತ್ತದೆ. ಅವನು ಉಕ್ಸೆಲ್ ಎಂಬ ಸರದಾರನ ಮನೆಯಲ್ಲಿ ಅಡುಗೆ ಮಾಡುತ್ತಿದ್ದವನು. ಅವನ ವಿಧಾನದಲ್ಲಿ ಬೆಣ್ಣೆ ಇಲ್ಲ, ಹಂದಿ ಕೊಬ್ಬು ಇದೆ. ಕೊಬ್ಬು ಕರಗಿಸಿ ಹಿಟ್ಟು ಹಾಕಿ, ತಳ ಹಿಡಿಯದಂತೆ ಬೇಯಿಸಿ, ಈರುಳ್ಳಿ ಸೇರಿಸಿ, ಆಮೇಲೆ ಒಳ್ಳೆಯ ಮಾಂಸದ ರಸ, ಅಣಬೆ, ಒಂದು ಹನಿ ವಿನೆಗರ್. ಕುದಿಸಿ ಸೋಸಿ ಮಡಕೆಯಲ್ಲಿ ಇಟ್ಟುಕೊಂಡು, ಬೇಕಾದಾಗ ಬಿಸಿ ಬೂದಿಯ ಮೇಲೆ ಕಾಸಿಕೊಳ್ಳಬೇಕು. ನಾವು ಹುಣಿಸೆ ರಸ ಕುದಿಸಿ ಗೊಜ್ಜು ಮಾಡಿಟ್ಟುಕೊಂಡ ಹಾಗೆ, ಅವನು ಗಟ್ಟಿತನವನ್ನೇ ಮಾಡಿಟ್ಟುಕೊಳ್ಳುತ್ತಿದ್ದ.

ಬೆಷಮೆಲ್ ಸಾಸನ್ನು ಇಟಲಿಯ ರಾಜಕುಮಾರಿ ಕ್ಯಾಥರೀನ್ ಡಿ ಮೆಡಿಚಿ ತನ್ನ ಅಡುಗೆಯವರ ಜೊತೆ ಫ್ರಾನ್ಸಿಗೆ ತಂದಳು ಅನ್ನುವ ಕಥೆ ಎಲ್ಲ ಕಡೆ ಓಡಾಡುತ್ತದೆ. ಅವಳು ಮದುವೆಯಾಗಿ ಬಂದದ್ದು 1533ರಲ್ಲಿ. ಆ ಕಾಲದ ಯಾವ ಕಾಗದದಲ್ಲೂ ಇದಕ್ಕೆ ಆಧಾರ ಇಲ್ಲ, ಇತಿಹಾಸಕಾರರು ಇದನ್ನು ಒಪ್ಪುವುದಿಲ್ಲ. ಹೆಸರು ಬಂದದ್ದು 14ನೇ ಲೂಯಿಯ ಅರಮನೆಯಲ್ಲಿ ಊಟೋಪಚಾರ ನೋಡಿಕೊಳ್ಳುತ್ತಿದ್ದ ಲೂಯಿ ದ ಬೆಷಮೆ ಎಂಬ ಅಧಿಕಾರಿಯಿಂದ. ಅವನು 1703ರಲ್ಲಿ ತೀರಿಕೊಂಡ. ದೊಡ್ಡವರ ಹೆಸರನ್ನು ತಿನಿಸಿಗೆ ಇಡುವುದು ಆಗಿನ ಪದ್ಧತಿ. ಸೌಟು ಹಿಡಿದ ಕೈ ಯಾರದೋ.

ಸರಿ, ರೂನ ಬಣ್ಣಕ್ಕೆ ಬರೋಣ. ಎರಡು ಮೂರು ನಿಮಿಷ ಹುರಿದರೆ ಬಿಳಿ ರೂ. ಹಸಿ ಹಿಟ್ಟಿನ ವಾಸನೆ ಹೋಗಿರುತ್ತದೆ, ಬಣ್ಣ ಬಂದಿರುವುದಿಲ್ಲ. ಇನ್ನೂ ಸ್ವಲ್ಪ ಹುರಿದರೆ ಹೊಂಬಣ್ಣ. ಮತ್ತೂ ಹುರಿದರೆ ಕಂದು ಬಣ್ಣ, ಹುರಿದ ಗೋಡಂಬಿಯಂಥ ಘಮ. ನೀರು ಎಷ್ಟೇ ಕುದಿದರೂ 100 ಡಿಗ್ರಿ ದಾಟುವುದಿಲ್ಲ, ಹಾಗಾಗಿ ನೀರಿನಲ್ಲಿ ಬೆಂದ ಹಿಟ್ಟಿಗೆ ಈ ಘಮ ಬರುವುದಿಲ್ಲ. ಕೊಬ್ಬು ಅದಕ್ಕಿಂತ ಬಹಳ ಮೇಲೆ ಹೋಗುತ್ತದೆ. ಬೆಣ್ಣೆಯಲ್ಲಿ ನೂರಕ್ಕೆ 16 ಪಾಲಿನಷ್ಟು ನೀರಿರುತ್ತದೆ. ಅದು ಚಟಪಟ ಅಂತ ಆರಿದ ಮೇಲೆಯೇ ಬಣ್ಣದ ಕೆಲಸ ಶುರು. ಹಿಟ್ಟಿನ ಪ್ರೋಟೀನಿನ ತುಣುಕುಗಳೂ ಸಕ್ಕರೆಗಳೂ ಬಿಸಿಯಲ್ಲಿ ಕೂಡಿಕೊಂಡು ನೂರಾರು ಹೊಸ ಪರಿಮಳಗಳು ಹುಟ್ಟುತ್ತವೆ. ಈ ಕ್ರಿಯೆಯನ್ನು 1912ರಲ್ಲಿ ವಿವರಿಸಿದವನು ಫ್ರಾನ್ಸಿನ ಲೂಯಿ ಕಮೀಯ್ ಮಯಾರ್. ದೋಸೆಯ ಕೆಂಪು ಅಂಚು, ತುಪ್ಪ ಕಾಯಿಸುವಾಗ ತಳದಲ್ಲಿ ಸಿಗುವ ಕಂದು ಗಸಿ, ಹುರಿದ ಕಾಫಿ ಬೀಜ ಎಲ್ಲದರಲ್ಲೂ ಅವನ ಹೆಸರಿನ ಕ್ರಿಯೆ ನಡೆದಿರುತ್ತದೆ.

ಪರಿಮಳ ಬಂತು, ಆದರೆ ಬಲ ಹೋಯಿತು. ಕಂದು ರೂ ಬಿಳಿ ರೂನಷ್ಟು ಗಟ್ಟಿ ಮಾಡುವುದಿಲ್ಲ. ಒಣ ಬಿಸಿಯಲ್ಲಿ ಪಿಷ್ಟದ ಉದ್ದ ಎಳೆಗಳು ತುಂಡಾಗಿ ಗಿಡ್ಡ ಎಳೆಗಳಾಗುತ್ತವೆ. ಇವಕ್ಕೆ ಡೆಕ್ಸ್‌ಟ್ರಿನ್ ಅಂತ ಹೆಸರು. ಉದ್ದ ದಾರ ಕಾಲಿಗೆ ತೊಡರುತ್ತದೆ, ಚೂರು ದಾರ ತೊಡರುವುದಿಲ್ಲ. ಅಮೆರಿಕದ ಲೂಯಿಸಿಯಾನದಲ್ಲಿ ಗಂಬೊ ಅನ್ನುವ ಸಾರು ಮಾಡುವವರು ರೂವನ್ನು ಚಾಕೊಲೇಟ್ ಬಣ್ಣದವರೆಗೆ ಹುರಿಯುತ್ತಾರೆ. ಅಷ್ಟು ಹುರಿದ ಹಿಟ್ಟಿನಲ್ಲಿ ರುಚಿ ಬಿಟ್ಟರೆ ಹೆಚ್ಚು ಶಕ್ತಿ ಉಳಿದಿರುವುದಿಲ್ಲ. ಹಾಗಾಗಿ ಸಾರು ಮಂದವಾಗಲು ಬೆಂಡೆಕಾಯಿಯ ಲೋಳೆಯ ಸಹಾಯ ಪಡೆಯುತ್ತಾರೆ.

ಈ ಡೆಕ್ಸ್‌ಟ್ರಿನ್ ಅನ್ನುವ ಹೆಸರು ಹುಟ್ಟಿದ ವರ್ಷ ನನಗೆ ಬಹಳ ಇಷ್ಟ. 1833. ಭೌತವಿಜ್ಞಾನಿ ಬಿಯೊ ಮತ್ತು ರಸಾಯನ ವಿಜ್ಞಾನಿ ಪೆರ್ಸೊ, ಪಿಷ್ಟ ಒಡೆದಾಗ ಸಿಗುವ ದ್ರಾವಣದ ಮೂಲಕ ಧ್ರುವೀಕರಿಸಿದ ಬೆಳಕು, ಅಂದರೆ ಒಂದೇ ತಲದಲ್ಲಿ ಅಲುಗುವ ಬೆಳಕು, ಹಾಯಿಸಿದರು. ಬೆಳಕಿನ ತಲ ಬಲಕ್ಕೆ ತಿರುಗಿತು. ಲ್ಯಾಟಿನ್‌ನಲ್ಲಿ ಬಲಗಡೆಗೆ ಡೆಕ್ಸ್‌ಟರ್ ಅನ್ನುತ್ತಾರೆ, ಅದೇ ಹೆಸರಾಯಿತು. ಅದೇ ವರ್ಷ ಅದೇ ಪೆರ್ಸೊ, ಪಾಯೆನ್ ಜೊತೆ ಸೇರಿ, ಮೊಳಕೆ ಬಂದ ಬಾರ್ಲಿಯಿಂದ ಒಂದು ವಸ್ತು ತೆಗೆದ. ಅದು ಪಿಷ್ಟದ ಗಂಜಿಯನ್ನು ನೀರು ಮಾಡಿಬಿಡುತ್ತಿತ್ತು. ಅದಕ್ಕೆ ಡಯಾಸ್ಟೇಸ್ ಎಂದು ಕರೆದರು. ಹೀಗೆ ಬೇರ್ಪಡಿಸಿದ ಮೊದಲ ಕಿಣ್ವ (ಎನ್‌ಜೈಮ್) ಅದು. ಇವತ್ತು ಕಿಣ್ವಗಳ ಹೆಸರಿನ ಕೊನೆಯಲ್ಲಿ ಬರುವ "ಏಸ್" ಅದರಿಂದಲೇ ಬಂದದ್ದು. ನಮ್ಮಲ್ಲಿ ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಹಿಟ್ಟು ಮಾಡಿ ಮಕ್ಕಳಿಗೆ ಮಾಲ್ಟ್ ಕಾಸುತ್ತಾರಲ್ಲ, ಅದು ಸಾದಾ ರಾಗಿ ಗಂಜಿಗಿಂತ ತೆಳ್ಳಗಿರುವುದು ಇಂಥ ಕಿಣ್ವದಿಂದಲೇ.

ಅದೇ 1833ರ ಜನವರಿಯಲ್ಲಿ ಪ್ಯಾರಿಸ್‌ನಲ್ಲಿ ಮರಿ ಆಂಟೊನ್ ಕರೆಮ್ ಅನ್ನುವ ಬಾಣಸಿಗ ತೀರಿಕೊಂಡ. ಬಡತನದಿಂದ ಮನೆಯವರೇ ಬೀದಿಗೆ ಬಿಟ್ಟ ಹುಡುಗ ಅವನು. ಬೆಳೆದು ಫ್ರಾನ್ಸಿನ ರಾಜಕಾರಣಿ ತಾಲೆರಾಂಗೆ, ಇಂಗ್ಲೆಂಡಿನ ರಾಜಕುಮಾರನಿಗೆ, ರಾತ್‌ಶೀಲ್ಡ್ ಮನೆತನಕ್ಕೆ ಅಡುಗೆ ಮಾಡಿದ. ನೂರಾರು ಸಾಸ್‌ಗಳನ್ನು ನಾಲ್ಕು ಕುಟುಂಬಗಳಾಗಿ ವಿಂಗಡಿಸಿದ: ಎಸ್ಪಾನ್ಯೋಲ್, ವೆಲುತೆ, ಅಲ್ಮಾಂಡ್, ಬೆಷಮೆಲ್. ಪಿಷ್ಟದ ಎಳೆಯನ್ನು ವಿಜ್ಞಾನಿಗಳು ಬಿಡಿಸಲು ಶುರು ಮಾಡಿದ ಊರಿನಲ್ಲೇ ಅದನ್ನು ಕೈಯಾರೆ ಬಲ್ಲವನು ಇದ್ದ. ಇಬ್ಬರೂ ಒಂದೇ ವಸ್ತುವನ್ನು ಹಿಡಿದಿದ್ದರು.

ಅಲ್ಮಾಂಡ್ ಅಂದರೆ ವೆಲುತೆಗೆ ಮೊಟ್ಟೆಯ ಹಳದಿ ಸೇರಿಸಿದ್ದು. ಇದರಲ್ಲಿ ಒಂದು ಸ್ವಾರಸ್ಯ ಇದೆ. ಬರೀ ಮೊಟ್ಟೆಯನ್ನು ಕುದಿಸಿದರೆ ಒಡೆದು ಚೂರಾಗುತ್ತದೆ. ಪಿಷ್ಟ ಇರುವ ಸಾಸ್‌ನಲ್ಲಿ ಕುದಿಸಿದರೆ ಒಡೆಯುವುದಿಲ್ಲ. ಕುದಿಸದೇ ಬಿಟ್ಟರೇ ತೊಂದರೆ. ಹಸಿ ಹಳದಿಯಲ್ಲೂ ಪಿಷ್ಟ ಕತ್ತರಿಸುವ ಕಿಣ್ವ ಇದೆ. ಬಿಸಿ ಸಾಲದೇ ಅದು ಉಳಿದುಕೊಂಡರೆ ಸಾಸ್ ತಾನಾಗೇ ನೀರಾಗುತ್ತದೆ.

ಇನ್ನು ಸ್ಟಾಕ್. ಇಲ್ಲಿ ಗಟ್ಟಿ ಮಾಡುವ ಎರಡನೇ ಶಕ್ತಿ ಅಡಗಿದೆ. ಎಲುಬು, ಸಂದು, ಚರ್ಮದಲ್ಲಿ ಕೊಲಾಜನ್ ಅನ್ನುವ ಪ್ರೋಟೀನ್ ಇರುತ್ತದೆ. ಮೂರು ಎಳೆ ಹೆಣೆದ ಹಗ್ಗ ಅದು. ಈ ಹೆಣಿಗೆಯನ್ನು 1954ರಲ್ಲಿ ಕಂಡುಹಿಡಿದವರು ಮದರಾಸು ವಿಶ್ವವಿದ್ಯಾಲಯದ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತ. ರಾಮಚಂದ್ರನ್ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಕೈಕೆಳಗೆ ಕಲಿತವರು. ಮುಂದೆ ಅಲ್ಲಿಗೇ ಮರಳಿ ಅಣು ಜೀವಭೌತ ವಿಭಾಗ ಕಟ್ಟಿದರು. ಮೂರು ಕಾಲಿನ ಜಡೆಯಂತೆ ಹೆಣೆದ ಈ ಎಳೆಗಳಲ್ಲಿ ಪ್ರತಿ ಮೂರನೇ ಮಣಿ ಗ್ಲೈಸಿನ್ ಅನ್ನುವ ಅಮೈನೊ ಆಮ್ಲ ಆಗಿರಲೇಬೇಕು. ಹೆಣಿಗೆಯ ನಡುವಿನ ಇಕ್ಕಟ್ಟಿನಲ್ಲಿ ಹಿಡಿಸುವಷ್ಟು ಚಿಕ್ಕ ಮಣಿ ಅದೊಂದೇ. ಫ್ರೆಂಚ್ ಸ್ಟಾಕ್ ಬಗ್ಗೆ ಬರೆಯುವ ಎಷ್ಟೋ ಜನರಿಗೆ ಈ ಹೆಸರುಗಳು ಗೊತ್ತೇ ಇಲ್ಲ. ಅದು ನನಗೆ ನೋವಿನ ವಿಷಯ.

ಎಲುಬನ್ನು ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೇಯಿಸಿದರೆ ಜಡೆ ಬಿಚ್ಚಿಕೊಳ್ಳುತ್ತದೆ. ಬಿಡಿ ಎಳೆಗಳು ನೀರಿಗೆ ಇಳಿಯುತ್ತವೆ. ಅದೇ ಜೆಲಾಟಿನ್. ತಣ್ಣಗಾದಾಗ ಎಳೆಗಳು ಅಲ್ಲಲ್ಲಿ ಮತ್ತೆ ಹೆಣೆದುಕೊಂಡು ನೀರನ್ನು ಬಲೆಯಲ್ಲಿ ಹಿಡಿಯುತ್ತವೆ. ಕಾಲು ಸೂಪನ್ನು ಫ್ರಿಜ್‌ನಲ್ಲಿ ಇಟ್ಟವರು ಬೆಳಿಗ್ಗೆ ಅದು ಗಡ್ಡೆ ಕಟ್ಟಿದ್ದನ್ನು ನೋಡಿರುತ್ತಾರೆ. ಎಳೆಗರುವಿನ ಎಲುಬನ್ನು ಫ್ರೆಂಚರು ಇಷ್ಟಪಡುವುದಕ್ಕೆ ಕಾರಣ ಅದರಲ್ಲಿ ಕೊಲಾಜನ್ ಜಾಸ್ತಿ, ಬೇಗ ಬಿಡುತ್ತದೆ ಅನ್ನುವುದು. ಜೆಲಾಟಿನ್ ಬಾಯಿಯ ಬಿಸಿಗೇ ಕರಗುತ್ತದೆ. ತುಟಿಗೆ ಮೆಲ್ಲಗೆ ಅಂಟಿದಂತಾಗುವ ಆ ಅನುಭವ ಬರೀ ಪಿಷ್ಟದಿಂದ ಬರುವುದಿಲ್ಲ.

ಎಲುಬು ಬೇಯಿಸುವ ಕಥೆಯಲ್ಲಿ ಡೆನಿಸ್ ಪ್ಯಾಪಿನ್‌ನನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಿಲ್ಲ. ನಮ್ಮ ಮನೆಮನೆಯ ಕುಕ್ಕರ್‌ನ ಅಜ್ಜ ಅವನದೇ ಪಾತ್ರೆ. ಅವನು ಅದನ್ನು ಮಾಡಿದ್ದು ಅನ್ನಕ್ಕಲ್ಲ, ಎಲುಬು ಕರಗಿಸುವುದಕ್ಕೆ. 1679ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ತೋರಿಸಿದ. 1682ರ ಏಪ್ರಿಲ್‌ನಲ್ಲಿ ಸೊಸೈಟಿಯವರಿಗೆ ಅದರಲ್ಲೇ ಬೇಯಿಸಿದ ರಾತ್ರಿಯೂಟ ನಡೆಯಿತು. ಗಟ್ಟಿ ಎಲುಬೂ ಚೀಸಿನಷ್ಟು ಮೆತ್ತಗಾಗಿತ್ತು ಎಂದು ಜಾನ್ ಎವಲಿನ್ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಪಾತ್ರೆ ಸಿಡಿಯದಂತೆ ಪ್ಯಾಪಿನ್ ಇಟ್ಟ ಕವಾಟವೇ ನಮ್ಮ ಕುಕ್ಕರ್ ಸೀಟಿಯ ಮೂಲ.

ಬಡವರಿಗೆ ಎಲುಬಿನಿಂದ ಅಗ್ಗದ ಆಹಾರ ಸಿಗುತ್ತದೆ ಅನ್ನುವುದು ಪ್ಯಾಪಿನ್‌ನ ಆಸೆ. 19ನೇ ಶತಮಾನದಲ್ಲಿ ದಾರ್ಸೆ ಎಂಬ ರಸಾಯನ ವಿಜ್ಞಾನಿ ಅದನ್ನೇ ದೊಡ್ಡದಾಗಿ ಮಾಡಿದ. ಪ್ಯಾರಿಸ್‌ನ ಆಸ್ಪತ್ರೆಗಳಲ್ಲಿ ಜೆಲಾಟಿನ್ ಸೂಪ್ ಹಂಚಿದರು. ಮಾಂಸಕ್ಕೆ ಸಮಾನ ಎಂದರು. ಅನುಮಾನ ಬಂದ ವಿಜ್ಞಾನ ಅಕಾಡೆಮಿ ಸಮಿತಿ ಮಾಡಿತು. ಅದರ ಮುಂದಾಳು ಶರೀರ ವಿಜ್ಞಾನಿ ಮಜಾಂಡಿ. ಪರೀಕ್ಷೆಗಳು ವರ್ಷಗಟ್ಟಲೆ ನಡೆದವು. 1841ರ ವರದಿ ಸ್ಪಷ್ಟವಾಗಿತ್ತು. ಬರೀ ಜೆಲಾಟಿನ್ ತಿಂದ ನಾಯಿಗಳು ಬದುಕಲಿಲ್ಲ. ಕಾರಣ ಈಗ ಗೊತ್ತು. ನಮಗೆ ಬೇಕೇಬೇಕಾದ ಟ್ರಿಪ್ಟೊಫಾನ್ ಅನ್ನುವ ಅಮೈನೊ ಆಮ್ಲ ಜೆಲಾಟಿನ್‌ನಲ್ಲಿ ಇಲ್ಲವೇ ಇಲ್ಲ. ಇವತ್ತು ಎಲುಬಿನ ಸೂಪ್ ಕುಡಿದರೆ ಅದರ ಕೊಲಾಜನ್ ನೇರವಾಗಿ ಮಂಡಿಗೆ ಹೋಗಿ ಕೂರುತ್ತದೆ ಎಂದು ದುಬಾರಿ ಡಬ್ಬಿ ಮಾರುವವರಿದ್ದಾರೆ. ಹೊಟ್ಟೆಯಲ್ಲಿ ಅದು ಬೇರೆ ಪ್ರೋಟೀನಿನ ಹಾಗೇ ಚೂರುಚೂರಾಗುತ್ತದೆ. ರುಚಿಗೆ ಕುಡಿಯಿರಿ, ಧಾರಾಳವಾಗಿ ಕುಡಿಯಿರಿ.

ರುಚಿಯ ಮೂಲವೂ ಸ್ಟಾಕೇ. ಮಾಂಸದಲ್ಲಿ ಗ್ಲುಟಮೇಟ್ ಮತ್ತು ಇನೋಸಿನೇಟ್ ಅನ್ನುವ ರುಚಿಯ ವಸ್ತುಗಳು ಎರಡೂ ಇವೆ, ಎರಡೂ ಕೂಡಿದರೆ ಒಂದರ ರುಚಿಯನ್ನು ಇನ್ನೊಂದು ಹಲವು ಪಟ್ಟು ಎತ್ತುತ್ತದೆ. ಗ್ಲುಟಮೇಟಿನ ಈ ರುಚಿಗೆ 1908ರಲ್ಲಿ ಜಪಾನಿನ ಕಿಕುನೆ ಇಕೆಡಾ ಉಮಾಮಿ ಅಂತ ಹೆಸರಿಟ್ಟರು. ಅದಕ್ಕೆ ಐದು ವರ್ಷ ಮುಂಚೆ, 1903ರಲ್ಲಿ, ಒಗ್ಯುಸ್ಟ್ ಎ‌ಸ್ಕೊಫಿಯೆ ಅನ್ನುವ ಫ್ರೆಂಚ್ ಬಾಣಸಿಗ ತನ್ನ ದೊಡ್ಡ ಅಡುಗೆ ಕೈಪಿಡಿಯಲ್ಲಿ ಸ್ಟಾಕ್ ಇಲ್ಲದೆ ಅಡುಗೆಯೇ ಇಲ್ಲ ಅನ್ನುವಷ್ಟು ಮಹತ್ವ ಕೊಟ್ಟಿದ್ದ.

ಎಸ್ಕೊಫಿಯೆಯ ಎಸ್ಪಾನ್ಯೋಲ್‌ಗೆ ದಿನವೇ ಬೇಕು. ವೆಲುತೆಗೂ ತಾಳ್ಮೆ ಬೇಕು. ಪಾತ್ರೆಯನ್ನು ಒಲೆಯ ಅಂಚಿಗೆ ಸರಿಸಿ, ಒಂದು ಬದಿ ಮಾತ್ರ ಕುದಿಯುವ ಹಾಗೆ ಇಡುತ್ತಾರೆ. ಹಿಟ್ಟಿನ ಪ್ರೋಟೀನ್, ಹೆಚ್ಚಿನ ಜಿಡ್ಡು, ಕಸರು ಎಲ್ಲ ತಣ್ಣಗಿನ ಬದಿಯಲ್ಲಿ ಕೆನೆಯಂತೆ ಸೇರುತ್ತವೆ. ಅದನ್ನು ಮತ್ತೆ ಮತ್ತೆ ತೆಗೆಯುತ್ತಾರೆ. ಕೊನೆಗೆ ಉಳಿಯುವುದು ಮಿರುಗುವ, ನುಣ್ಣನೆಯ ಸಾಸ್. ಇಷ್ಟು ಹೊತ್ತು ಯಾಕೆ? ಬೇಕಾದ ಪಿಷ್ಟದ ಜೊತೆಗೆ ಬೇಡದ ಪ್ರೋಟೀನನ್ನೂ ಹಾಕಿ, ಆಮೇಲೆ ಅದನ್ನು ಹೊರಗೆ ತೆಗೆಯುವ ಕೆಲಸ ಇದು. ಎಸ್ಕೊಫಿಯೆಗೆ ಇದು ಗೊತ್ತಿತ್ತು. ಸಾಸನ್ನು ಹಿಡಿದಿಡುವುದು ಪಿಷ್ಟ ಮಾತ್ರ, ಆರಾರೂಟ್‌ನಂಥ ಶುದ್ಧ ಪಿಷ್ಟ ಬಳಸಿದರೆ ಕೆಲಸ ಬೇಗ ಮುಗಿಯುತ್ತದೆ, ಹಿಟ್ಟು ಇನ್ನೂ ಉಳಿದಿರುವುದು ಅಭ್ಯಾಸಬಲದಿಂದ ಎಂದು ಅವನೇ ಬರೆದಿದ್ದಾನೆ. ರೂವಿನ ಮಹಾಗುರುವೇ ರೂವಿನ ಕೊರತೆಯನ್ನು ಬರೆದಿಟ್ಟ. ವಿಜ್ಞಾನದ ಮನಸ್ಸು ಅಂದರೆ ಅದು. 1973ರಲ್ಲಿ ಗೋ ಮತ್ತು ಮಿಯೊ ಎಂಬ ವಿಮರ್ಶಕರು ಹೊಸ ಅಡುಗೆಯ ಹತ್ತು ಕಟ್ಟಳೆ ಸಾರಿದಾಗ, ಕಂದು ಮತ್ತು ಬಿಳಿ ಸಾಸ್‌ಗಳನ್ನು ಕೈಬಿಡಿ ಅನ್ನುವುದೂ ಅವುಗಳಲ್ಲಿ ಒಂದಾಗಿತ್ತು. ಬೆಷಮೆಲ್ ಮಾತ್ರ ಜಗ್ಗಲಿಲ್ಲ. ಲಸಾನ್ಯ, ಗ್ರಾತಿನ್‌ಗಳಲ್ಲಿ ಅದು ಇನ್ನೂ ಇದೆ. ಬೆಂಗಳೂರಿನ ಕೆಫೆಗಳಲ್ಲಿ ವೈಟ್ ಸಾಸ್ ಪಾಸ್ತಾ ಆಗಿ ದಿನವೂ ತಟ್ಟೆಗೆ ಬರುತ್ತದೆ.

ಆ ಪಾಸ್ತಾ ತಟ್ಟೆಯ ಎದುರು ಕೂತಾಗಲೇ ಯಾರಾದರೂ ಒಬ್ಬರು ಹೇಳುತ್ತಾರೆ: "ಮೈದಾ ಕರುಳಿಗೆ ಅಂಟಿಕೊಳ್ಳುತ್ತೆ. ಗೋಡೆಗೆ ಪೋಸ್ಟರ್ ಅಂಟಿಸೋದೂ ಅದರಿಂದಲೇ." ಫೋನಿನಲ್ಲಿ ಈ ಸಂದೇಶ ಬರದ ಮನೆ ಇಲ್ಲ. ಓದಿದವರೂ ನಂಬುತ್ತಾರೆ, ಮಕ್ಕಳಿಗೆ ಹೇಳಿ ಹೆದರಿಸುತ್ತಾರೆ. ನನಗೆ ಇದು ನಿಜವಾಗಿ ಚಿಂತೆಯ ವಿಷಯ. ಪೋಸ್ಟರ್ ಯಾಕೆ ಅಂಟುತ್ತದೆ? ಊದಿದ ಪಿಷ್ಟದಿಂದ ನೀರು ಆರಿಹೋಗಿ, ಎಳೆಗಳು ಕಾಗದಕ್ಕೂ ಗೋಡೆಗೂ ಬಿಗಿದುಕೊಳ್ಳುತ್ತವೆ. ಕರುಳಿನಲ್ಲಿ ನೀರು ಆರುವುದಿಲ್ಲ. ಅಲ್ಲಿ ಪಿಷ್ಟ ಕತ್ತರಿಸುವ ಅಮೈಲೇಸ್ ಇದೆ. ಪಾಯೆನ್ ಮತ್ತು ಪೆರ್ಸೊ ಬಾರ್ಲಿಯಲ್ಲಿ ಕಂಡ ವಸ್ತುವಿನ ನೆಂಟ ಅದು. ಬಾಯಿಯ ಜೊಲ್ಲಿನಲ್ಲೂ ಇದೆ, ಮೇದೋಜೀರಕದ ರಸದಲ್ಲಿ ಇನ್ನೂ ಜಾಸ್ತಿ ಇದೆ. ಮೈದಾದ ನಿಜವಾದ ದೋಷ ಇದಕ್ಕೆ ಸರಿಯಾಗಿ ಉಲ್ಟಾ. ನಾರು ತೆಗೆದ ಹಿಟ್ಟು ಅದು, ಅಂಟಿ ಕೂರುವುದಿಲ್ಲ, ತೀರಾ ಬೇಗ ಕರಗಿ ರಕ್ತಕ್ಕೆ ಸಕ್ಕರೆ ಸೇರಿಸುತ್ತದೆ. ಸಕ್ಕರೆ ಕಾಯಿಲೆ ಇರುವವರು ಹುಷಾರಾಗಿರಬೇಕಾದ್ದು ಈ ವೇಗದಿಂದ.

ಮಾತಿನಲ್ಲಿ ನಂಬಬೇಕಿಲ್ಲ. ಒಂದು ಚಮಚ ಮೈದಾವನ್ನು ತಣ್ಣೀರಿನಲ್ಲಿ ಕದಡಿ, ಒಂದು ಲೋಟ ನೀರಿನಲ್ಲಿ ಕುದಿಸಿ ಗಂಜಿ ಮಾಡಿ. ಉಗುರುಬೆಚ್ಚಗೆ ಆರಲಿ, ತುಂಬಾ ಬಿಸಿ ಇದ್ದರೆ ಕಿಣ್ವ ಸಾಯುತ್ತದೆ. ಎರಡು ಚಿಕ್ಕ ಲೋಟಗಳಿಗೆ ಸಮನಾಗಿ ಹಾಕಿ. ಒಂದಕ್ಕೆ ಒಂದು ಚಮಚ ನೀರು, ಇನ್ನೊಂದಕ್ಕೆ ಒಂದು ಚಮಚ ಜೊಲ್ಲು ಹಾಕಿ ಕಲಕಿ. ರುಚಿ ನೋಡಿದ ಎಂಜಲು ಚಮಚವನ್ನು ಮತ್ತೆ ಪಾತ್ರೆಗೆ ಹಾಕಿದರೆ ಬಿಳಿ ಸಾಸ್ ಯಾಕೆ ತೆಳ್ಳಗಾಗುತ್ತದೆ ಅನ್ನುವುದೂ ಇಲ್ಲೇ ಗೊತ್ತಾಗುತ್ತದೆ. ಅರ್ಧ ಗಂಟೆ ಬಿಟ್ಟು ಎರಡೂ ಲೋಟ ಓರೆ ಮಾಡಿ ನೋಡಿ. ಒಂದರ ಗಂಜಿ ಮೆಲ್ಲಗೆ ಜಾರುತ್ತದೆ. ಇನ್ನೊಂದರದು ನೀರಿನಂತೆ ಓಡುತ್ತದೆ.

ಆಮೇಲೆ ಎರಡಕ್ಕೂ ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ ಒಂದೊಂದು ಹನಿ ಬಿಡಿ. ಅಯೋಡಿನ್ ಅನ್ನು 1811ರಲ್ಲಿ ಕಂಡವನೂ ಫ್ರಾನ್ಸಿನವನೇ. ನೆಪೋಲಿಯನ್ನನ ಯುದ್ಧಕ್ಕೆ ಸಿಡಿಮದ್ದಿನ ಉಪ್ಪು ಮಾಡುತ್ತಿದ್ದ ಬೆರ್ನಾರ್ ಕುರ್ತ್ವಾ. ಕಡಲಕಳೆಯ ಬೂದಿಗೆ ಆಮ್ಲ ಜಾಸ್ತಿ ಬಿದ್ದು ನೇರಳೆ ಆವಿ ಎದ್ದಿತ್ತು. ಮೂರು ವರ್ಷದ ನಂತರ ಅದು ಪಿಷ್ಟಕ್ಕೆ ನೀಲಿ ಬಣ್ಣ ಕೊಡುವುದು ಗೊತ್ತಾಯಿತು. ಅಮೈಲೋಸ್ ದಾರ ಸುರುಳಿ ಸುತ್ತಿಕೊಂಡು, ಅಯೋಡಿನ್ ಆ ಸುರುಳಿಯ ಒಳಗೆ ಸಾಲಾಗಿ ಕೂರುವುದರಿಂದ ಆ ನೀಲಿ. ದಾರ ಗಿಡ್ಡವಾದಷ್ಟೂ ನೀಲಿ ಕಡಿಮೆಯಾಗಿ ಕೆಂಪಗಾಗುತ್ತದೆ. ಇನ್ನೂ ಗಿಡ್ಡವಾದರೆ ಬಣ್ಣವೇ ಬರುವುದಿಲ್ಲ. ನಿಮ್ಮ ಮೊದಲ ಲೋಟ ಕಡುನೀಲಿಯಾಗುತ್ತದೆ. ಎರಡನೆಯದರಲ್ಲಿ ಯಾವ ಬಣ್ಣ ಬಂತು ನೋಡಿ, ನಿಮ್ಮ ಜೊಲ್ಲು ದಾರವನ್ನು ಎಷ್ಟು ಚೂರು ಮಾಡಿದೆ ಅಂತ ಅದರಿಂದ ಗೊತ್ತಾಗುತ್ತದೆ.